ಒಂದು ‘ಕೆ’ಗೆ ಸಿಕ್ಕಿಬಿದ್ದ ಪೆನ್ಶನ್ ದುಡ್ಡು

2023ರ ಜೂನ್‌ನಲ್ಲಿ ಜಪಾನಿನ ನಗೋಯಾ ಬಿಟ್ಟು ಬಳ್ಳಾರಿಗೆ ವಾಪಸ್ ಬಂದೆ. ಸೂಟ್‌ಕೇಸ್ ಖಾಲಿ ಮಾಡುವಾಗ ಪಾಸ್‌ಬುಕ್ ಸೈಜಿನ ಒಂದು ನೀಲಿ ಪುಸ್ತಕ ಸಿಕ್ಕಿತು. ಅಮ್ಮ ಹಳೇ ಡೈರಿ ಇರಬೇಕು ಅಂದುಕೊಂಡು ಪಂಚಾಂಗದ ಜೊತೆ ಗೂಡಿನಲ್ಲಿ ಇಟ್ಟುಬಿಟ್ಟರು. ಅದು ನನ್ನ ‘ನೆಂಕಿನ್ ತೆಚೊ’, ಅಂದ್ರೆ ಪೆನ್ಶನ್ ಪುಸ್ತಕ. ಒಳಗೆ ಹತ್ತು ಅಂಕಿಯ ಒಂದು ನಂಬರ್. ಮುಂದಿನ ಒಂದು ವರ್ಷ ನಾನು ಒದ್ದಾಡಿದ್ದೆಲ್ಲಾ ಆ ನಂಬರ್ ಹಿಡಿದುಕೊಂಡೇ.

ಅಲ್ಲಿ ನಾನು ಮೆಷಿನ್ ಡಿಸೈನ್ ಕೆಲಸದಲ್ಲಿ 50 ತಿಂಗಳು ಇದ್ದೆ. ತಿಂಗಳು ತಿಂಗಳು ಸಂಬಳದಲ್ಲಿ 9.15 ಪರ್ಸೆಂಟ್ ಪೆನ್ಶನ್‌ಗೆ ಕಟ್ ಆಗುತ್ತಿತ್ತು. ಕಂಪನಿಯೂ ಅಷ್ಟೇ ಹಾಕುತ್ತಿತ್ತು. ಆದರೆ ಅಲ್ಲಿ ಪೆನ್ಶನ್ ಸಿಗಬೇಕಂದ್ರೆ ಕಡಿಮೆ ಅಂದ್ರೂ 10 ವರ್ಷ ಆಗಿರಬೇಕು. ಅಷ್ಟು ಆಗದ ವಿದೇಶಿಯರು ದೇಶ ಬಿಟ್ಟ ಮೇಲೆ ಒಂದೇ ಗಂಟಾಗಿ ವಾಪಸ್ ಕೇಳಬಹುದು. ಇದಕ್ಕೆ ‘ದತ್ತೈ ಇಚಿಜಿಕಿನ್’ ಅಂತಾರೆ. ಕನಿಷ್ಠ 6 ತಿಂಗಳು ಕಟ್ಟಿರಬೇಕು. ಅಲ್ಲಿನ ವಿಳಾಸ ತೆಗೆಸಿದ ಮೇಲೆ 2 ವರ್ಷದೊಳಗೆ ಅರ್ಜಿ ಹಾಕಬೇಕು. ಕಂಪನಿ ಹಾಕಿದ ಪಾಲು ಕೈಗೆ ಬರುವುದಿಲ್ಲ.

ಕೇಳಬೇಕೋ ಬೇಡವೋ ಅನ್ನುವುದೇ ಮನೆಯಲ್ಲಿ ಮೊದಲ ಜಗಳ. ಅಪ್ಪ ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವರು. "ಪೆನ್ಶನ್ ಅನ್ನೋದನ್ನ ಮುರಿಸಬಾರದಪ್ಪ" ಅಂದರು. ಅವರ ಮಾತಿನಲ್ಲಿ ಅರ್ಥ ಇತ್ತು. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತೆ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನ ಅಲ್ಲಿನ ವರ್ಷಗಳ ಜೊತೆ ಸೇರಿಸಿ 10 ವರ್ಷ ತೋರಿಸಬಹುದು. ಆಗ 65ರ ನಂತರ ಜಪಾನಿನಿಂದ ಸಣ್ಣ ಪೆನ್ಶನ್ ಬರುತ್ತದೆ. ಗಂಟು ತೆಗೆದುಕೊಂಡರೆ ಆ 50 ತಿಂಗಳು ಲೆಕ್ಕದಿಂದಲೇ ಅಳಿಸಿಹೋಗುತ್ತವೆ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಬಿಟ್ಟರೆ 65ರಿಂದ ವರ್ಷಕ್ಕೆ ಸುಮಾರು 1.6 ಲಕ್ಷ ಯೆನ್. ಈಗಲೇ ತೆಗೆದರೆ ಒಟ್ಟು 13.2 ಲಕ್ಷ ಯೆನ್. ಅಂದ್ರೆ 65 ಆದ ಮೇಲೆ ಒಂಬತ್ತು ವರ್ಷ ಬದುಕಿದರೆ ಅಪ್ಪನ ಮಾತೇ ಲಾಭ! ಆದರೆ ನನಗೆ ಆಗ 34. ಮನೆ ಮೇಲೆ ಇನ್ನೊಂದು ಅಂತಸ್ತು ಅರ್ಧಕ್ಕೆ ನಿಂತಿತ್ತು, ಸಾಲದ ಬಡ್ಡಿ ಓಡುತ್ತಿತ್ತು. ತೆಗೆದುಕೊಂಡೆ. ನೀವು 50 ದಾಟಿದವರಾದರೆ ನನ್ನ ದಾರಿ ಹಿಡಿಯಬೇಡಿ, ಒಮ್ಮೆ ಯೋಚಿಸಿ.

ಆ 13.2 ಲಕ್ಷ ಹೇಗೆ ಬಂತು ಅಂದ್ರೆ, ಬೋನಸ್ ಸೇರಿಸಿ ನನ್ನ ಸರಾಸರಿ ಸಂಬಳ ಅವರ ಲೆಕ್ಕದಲ್ಲಿ ತಿಂಗಳಿಗೆ 3 ಲಕ್ಷ ಯೆನ್. ಅದನ್ನ 4.4ರಿಂದ ಗುಣಿಸುತ್ತಾರೆ. ಈ 4.4 ಇದೆಯಲ್ಲ, ಅದು 48 ತಿಂಗಳಿನ ಮೆಟ್ಟಿಲು. ಮುಂದಿನ ಮೆಟ್ಟಿಲು 54 ತಿಂಗಳಿಗೆ, 4.9. ಆರಾರು ತಿಂಗಳಿಗೊಂದು ಮೆಟ್ಟಿಲು, ನಡುವೆ ಏನೂ ಇಲ್ಲ. ಹಾಗಾಗಿ ನನ್ನ ಕೊನೆಯ ಎರಡು ತಿಂಗಳ ಕಂತು ಸುಮ್ನೆ ಹೋಯಿತು. ರಾಜೀನಾಮೆ ಕೊಡುವ ಮೊದಲು ಗೊತ್ತಿದ್ದರೆ ಇನ್ನು ನಾಲ್ಕು ತಿಂಗಳು ಹಲ್ಲು ಕಚ್ಚಿ ಇರುತ್ತಿದ್ದೆ. 60 ತಿಂಗಳಿಗಿಂತ ಜಾಸ್ತಿ ಇದ್ದರೂ ನನ್ನ ಕಾಲದ ನಿಯಮದಲ್ಲಿ ಸಿಗುತ್ತಿದ್ದದ್ದು 60ರ ಲೆಕ್ಕವೇ.

ಊರು ಬಿಡುವ ಮೊದಲು ಅಲ್ಲಿನ ವಾರ್ಡ್ ಆಫೀಸಿಗೆ ಹೋಗಿ ‘ತೆನ್‌ಶುತ್ಸು ತೊದೊಕೆ’ ಕೊಟ್ಟಿದ್ದೆ, ಅಂದ್ರೆ ವಿಳಾಸ ಬಿಡುತ್ತಿದ್ದೇನೆ ಅನ್ನುವ ಅರ್ಜಿ. ಇದನ್ನ ಮರೆತರೆ ಕಾಗದದ ಮೇಲೆ ನೀವು ಇನ್ನೂ ಅಲ್ಲೇ ಇದ್ದೀರಿ ಅಂತ ಲೆಕ್ಕ. ದುಡ್ಡು ಕೇಳುವ ಹಾಗಿಲ್ಲ.

ಆಗಸ್ಟ್‌ನಲ್ಲಿ ಅರ್ಜಿ ತುಂಬಿದೆ. ಪಾಸ್‌ಪೋರ್ಟ್ ಝೆರಾಕ್ಸ್, ನೀಲಿ ಪುಸ್ತಕದ ಝೆರಾಕ್ಸ್, ಬ್ಯಾಂಕ್ ಖಾತೆಯ ಪುರಾವೆ. ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಟೋಕಿಯೊಗೆ ಸ್ಪೀಡ್ ಪೋಸ್ಟ್ ಮಾಡಿದೆ. ಕೌಂಟರ್‌ನಲ್ಲಿದ್ದ ಮೇಡಂ ಕವರ್ ತಿರುಗಿಸಿ ನೋಡಿ, "ಇದ್ರಾಗ ತಿನ್ನೋ ಸಾಮಾನು ಇಲ್ಲ ಅಲ್ರೀ?" ಅಂತ ಎರಡು ಸಲ ಕೇಳಿದರು.

ಅಕ್ಟೋಬರ್‌ನಲ್ಲಿ ಅದೇ ಕಾಗದಗಳು ವಾಪಸ್ ಬಂದವು. ಜೊತೆಗೆ ಒಂದು ಚೀಟಿ. ಖಾತೆಯ ಹೆಸರಿಗೂ ಪಾಸ್‌ಪೋರ್ಟ್ ಹೆಸರಿಗೂ ತಾಳೆ ಇಲ್ಲ.

ನಮ್ಮ ಕಡೆ ಹೆಸರಿನ ಕಥೆ ನಿಮಗೂ ಗೊತ್ತಲ್ವಾ. ನಮ್ಮ ಮನೆತನಕ್ಕೆ ಕುರುಗೋಡಿನವರು ಅಂತ ಹೆಸರು. ಶಾಲೆಯಲ್ಲಿ ಅದು ಬರೀ ‘ಕೆ’ ಆಯಿತು. ಕಾಲೇಜಿನಲ್ಲಿದ್ದಾಗ ತೆಗೆದ ಬ್ಯಾಂಕ್ ಖಾತೆಯಲ್ಲೂ ‘ಕೆ’, ಚುಕ್ಕಿ, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಬೇಕೇಬೇಕು ಅಂದುಕೊಂಡು ‘ಕುರುಗೋಡು’ ಅಂತ ಪೂರ್ತಿ ಬರೆಸಿದ್ದೆ. ನಮಗೆ ಎರಡೂ ಒಂದೇ. ಟೋಕಿಯೊದಲ್ಲಿ ಕೂತವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ತಪ್ಪು ನನ್ನದೇ, ಮೊದಲೇ ನೋಡಬೇಕಿತ್ತು.

ಬ್ಯಾಂಕಿಗೆ ಓಡಿದೆ. ಹೆಸರು ಬದಲಿಸಲು ಪಾಸ್‌ಪೋರ್ಟ್, ಆಧಾರ್, ಪ್ಯಾನ್ ಮೂರೂ ಒಂದೇ ಥರ ಇರಬೇಕು ಅಂದರು. ಪ್ಯಾನ್‌ನಲ್ಲಿ ಮತ್ತೆ ‘ಕೆ’! ಅದನ್ನ ಮೊದಲು ಸರಿ ಮಾಡಿಸಿ, ಆಮೇಲೆ ಖಾತೆ ಸರಿ ಮಾಡಿಸಿದೆ. ಕೊನೆಗೆ ಮ್ಯಾನೇಜರ್ ಲೆಟರ್‌ಹೆಡ್‌ನಲ್ಲಿ ಹೆಸರು, ಖಾತೆ ನಂಬರ್, ಶಾಖೆಯ ವಿಳಾಸ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸೀಲ್ ಒತ್ತಿದರು. ಸೀಲ್ ಮಸುಕಾಗಿತ್ತು. "ಸರ್, ಇನ್ನೊಂದು ಸಲ ಒತ್ತಿಬಿಡಿ" ಅಂದೆ. ನಕ್ಕು, ಇಂಕ್ ಪ್ಯಾಡ್ ಮೇಲೆ ಎರಡು ಹನಿ ಇಂಕ್ ಬಿಟ್ಟು ಮತ್ತೆ ಒತ್ತಿದರು.

ನವೆಂಬರ್‌ನಲ್ಲಿ ಮತ್ತೆ ಕಳಿಸಿದೆ. 2024ರ ಮಾರ್ಚ್‌ನಲ್ಲಿ ದುಡ್ಡು ಬಂತು. 13.2 ಲಕ್ಷ ಅಲ್ಲ, 10,50,456 ಯೆನ್. ನಮ್ಮ ದುಡ್ಡಿನಲ್ಲಿ ಸುಮಾರು 5.8 ಲಕ್ಷ ರೂಪಾಯಿ. ಉಳಿದ 20.42 ಪರ್ಸೆಂಟ್ ಅಲ್ಲೇ ತೆರಿಗೆ ಅಂತ ಹಿಡಿದುಕೊಂಡಿದ್ದರು.

ತುಂಬಾ ಜನ ಇಲ್ಲಿಗೇ ಕೈಬಿಡುತ್ತಾರೆ. ಆದರೆ ಆ 2,69,544 ಯೆನ್ ಕೂಡ ವಾಪಸ್ ಬರುತ್ತದೆ. ಈ ಗಂಟನ್ನ ಅಲ್ಲಿ ನಿವೃತ್ತಿ ಹಣ ಅಂತ ನೋಡುತ್ತಾರೆ. ಅದಕ್ಕೆ ವರ್ಷಕ್ಕೆ 4 ಲಕ್ಷ ಯೆನ್ ರಿಯಾಯಿತಿ ಇದೆ. ನನ್ನ ನಾಲ್ಕು ವರ್ಷಕ್ಕೇ 16 ಲಕ್ಷ ಆಯಿತು, ಗಂಟು ಅದಕ್ಕಿಂತ ಕಡಿಮೆ. ತೆರಿಗೆಯೇ ಇಲ್ಲ. ಆದರೆ ಬಳ್ಳಾರಿಯಲ್ಲಿ ಕೂತು ಇದನ್ನ ಕೇಳಲು ಆಗುವುದಿಲ್ಲ. ಜಪಾನಿನಲ್ಲೇ ಇರುವ ಒಬ್ಬರನ್ನ ‘ನೋಜೈ ಕಾನ್ರಿನಿನ್’ ಅಂತ ನೇಮಿಸಬೇಕು, ನಮ್ಮ ಪರವಾಗಿ ತೆರಿಗೆ ವ್ಯವಹಾರ ನೋಡುವವರು. ದುಡ್ಡು ಅವರ ಖಾತೆಗೇ ಬೀಳುತ್ತದೆ. ಹಾಗಾಗಿ ನಂಬಿಕಸ್ಥರೇ ಬೇಕು. ನಾನು ರೂಮ್‌ಮೇಟ್ ಆಗಿದ್ದ ಗೆಳೆಯನನ್ನ ವಿಮಾನ ಹತ್ತುವ ಮೊದಲೇ ಒಪ್ಪಿಸಿ, ನಾನಿದ್ದ ಏರಿಯಾದ ತೆರಿಗೆ ಕಚೇರಿಗೆ ಅವನ ಹೆಸರು ಕೊಟ್ಟು ಬಂದಿದ್ದೆ. ಈ ಇಡೀ ಕೆಲಸದಲ್ಲಿ ನಾನು ಬುದ್ಧಿ ಉಪಯೋಗಿಸಿದ್ದು ಇದೊಂದೇ ಕಡೆ. ಪೆನ್ಶನ್ ಮಂಜೂರಾದ ಪತ್ರದ ಒರಿಜಿನಲ್ ಅವನಿಗೆ ಕಳಿಸಿದೆ. ಎರಡು ತಿಂಗಳೊಳಗೆ ದುಡ್ಡು ಅವನ ಖಾತೆಗೆ ಬಂತು, ಅವನು ನನಗೆ ಹಾಕಿದ.

ಕಳೆದ ತಿಂಗಳು ತೋರಣಗಲ್ಲಿನ ಹುಡುಗನೊಬ್ಬ ಬಂದಿದ್ದ. ಅವನೂ ಜಪಾನಿನಿಂದ ಬಂದವನೇ. "ಅಣ್ಣಾ, 2 ವರ್ಷ ಆಗೋಕೆ ಇನ್ನು ಹದಿನಾರು ದಿನ ಇದೆ" ಅಂದ. ಅವತ್ತೇ ಕೂತು ಅರ್ಜಿ ತುಂಬಿಸಿದೆ. ಮೊದಲು ಅವನ ಪಾಸ್‌ಬುಕ್ ಇಸ್ಕೊಂಡು ಹೆಸರು ನೋಡಿದೆ, ಸರಿ ಇತ್ತು. ಮರುದಿನ ಬೆಳಿಗ್ಗೆಯೇ ಪೋಸ್ಟ್ ಆಯಿತು. ತೆರಿಗೆ ವಾಪಸ್ ಕೇಳಲು 5 ವರ್ಷ ಟೈಮ್ ಇದೆ, ಆದರೆ ಅದನ್ನ ನೋಡಿಕೊಳ್ಳಲು ಅಲ್ಲಿ ಯಾರನ್ನ ಕೇಳಬೇಕು ಅಂತ ಅವನು ಇನ್ನೂ ಹುಡುಕುತ್ತಿದ್ದಾನೆ.