ಅದುಮಿ ಹಿಡಿಯದೆ ಮಗನ ರಕ್ತ ತೆಗೆಸಿದ್ದು

ಆಟಿಸಂ ಇರುವ ಮಗುವಿನ ರಕ್ತ ತೆಗೆಯಬೇಕಾದರೆ ನಾಲ್ಕು ಜನ ಹಿಡಿಯಲೇಬೇಕು ಎಂದು ಈಗಲೂ ಹೇಳುವವರಿದ್ದಾರೆ. ನನ್ನ ಮಗನಿಗೆ ಯಾರೂ ಹಿಡಿಯದೆ ತೆಗೆದಿದ್ದಾರೆ. ಇಲ್ಲೇ ಉಡುಪಿಯಲ್ಲಿ, ಒಂದು ಸಣ್ಣ ಲ್ಯಾಬ್‌ನಲ್ಲಿ. ಅದಕ್ಕೆ ನಾವು ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಆದದ್ದನ್ನು ಹೇಳಬೇಕು. ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಡೆಂಗಿ ಇರಬಹುದು, ಪ್ಲೇಟ್‌ಲೆಟ್ ನೋಡಬೇಕು ಎಂದರು. ಆ ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ ಕೈಕಾಲು ಅದುಮಿ ಹಿಡಿದರು. ನನ್ನನ್ನು ಪರದೆಯ ಆಚೆ ನಿಲ್ಲಿಸಿದರು. ಅವನಿಗೆ ಮಾತು ತುಂಬಾ ಕಡಿಮೆ. ಹೆದರಿದಾಗ ಕಿರುಚುವುದೊಂದೇ ಅವನಿಗೆ ಗೊತ್ತು. "ಎಂತ ಅಮ್ಮ, ಇಷ್ಟು ದೊಡ್ಡ ಹುಡುಗ, ಸ್ವಲ್ಪ ಬುದ್ಧಿ ಹೇಳ್ಲಿಕ್ಕೆ ಆಗುದಿಲ್ವಾ?" ಎಂದು ಎಲ್ಲರೆದುರು ಕೇಳಿದರು. ತುರ್ತು ಇತ್ತು, ಒಪ್ಪುತ್ತೇನೆ. ಆದರೆ ಎರಡು ನಿಮಿಷ ವಿವರಿಸಲೂ ಆಗದಷ್ಟು ತುರ್ತು ಇರಲಿಲ್ಲ. ಆಮೇಲೆ ಸ್ಪಿರಿಟ್ ವಾಸನೆ ಬಂದರೆ ಅವನು ಓಡುತ್ತಿದ್ದ. ಕ್ಷೌರದಂಗಡಿಯ ಕುರ್ಚಿಯಲ್ಲೂ ಕೂರಲಿಲ್ಲ. ಉಗುರು ಕತ್ತರಿಸಲು ಕೈ ಹಿಡಿದರೂ ನಡುಗುತ್ತಿದ್ದ. ಬೇಗ ಕೆಲಸ ಮುಗಿಸಿದವರಿಗೆ ಇದೆಲ್ಲ ಕಾಣುವುದೇ ಇಲ್ಲ, ಅಲ್ವಾ?

ಕೆಲವು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ ಬಂತು. ಅವನು ಮೊಸರನ್ನ ಬಿಟ್ಟು ಬೇರೆ ತಿನ್ನುವುದು ಕಡಿಮೆ. ಹಿಮೋಗ್ಲೋಬಿನ್, ಕಬ್ಬಿಣದ ಅಂಶ ನೋಡೋಣ ಎಂದರು ಮಕ್ಕಳ ಡಾಕ್ಟರ್. ಈ ಸಲ ಅವಸರ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕಾ ಎಂದು ಮೊದಲೇ ಕೇಳಿಕೊಂಡೆ. ಬೇಡ ಎಂದರು. ಹಸಿದ ಮಗುವನ್ನು ಸಮಾಧಾನ ಮಾಡುವ ಕಷ್ಟ ಅಲ್ಲಿಗೆ ತಪ್ಪಿತು.

ಲ್ಯಾಬ್‌ಗೆ ಮೊದಲು ನಾನೊಬ್ಬಳೇ ಹೋದೆ. ಅನುಮತಿ ಕೇಳಿ ಫೋಟೊ ತೆಗೆದೆ. ಬಾಗಿಲು, ಕುರ್ಚಿ, ಕೈಗೆ ಕಟ್ಟುವ ರಬ್ಬರ್ ಪಟ್ಟಿ, ಟ್ಯೂಬ್, ಕೊನೆಗೆ ಹೊರಗೆ ನಿಂತ ನಮ್ಮ ಸ್ಕೂಟರ್. ಇವನ್ನು ಸಾಲಾಗಿ ಅಂಟಿಸಿ, ಒಂದೊಂದರ ಕೆಳಗೆ ಒಂದೇ ಸಾಲು ಬರೆದು ದಿನಾ ರಾತ್ರಿ ತೋರಿಸಿದೆ. ಥೆರಪಿಯವರು ಇದಕ್ಕೆ ಸೋಷಿಯಲ್ ಸ್ಟೋರಿ ಅನ್ನುತ್ತಾರೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ ಇದು. ಅದರಲ್ಲಿ ಸುಳ್ಳು ಹೇಳಬಾರದು. ಇರುವೆ ಕಚ್ಚುತ್ತದೆ ಅಂದರೆ ನನ್ನ ಮಗ ಇರುವೆಯನ್ನೇ ಹುಡುಕುತ್ತಾನೆ. ಹಾಗಾಗಿ "ಸೂಜಿ ಚುಚ್ಚುತ್ತದೆ. ನೋವಾಗುತ್ತದೆ. ಮುಗಿಯುತ್ತದೆ" ಎಂದೇ ಬರೆದೆ.

ಯಾವಾಗ ಮುಗಿಯುತ್ತದೆ ಅನ್ನುವುದೇ ಅವನಿಗೆ ಮುಖ್ಯ. ಅವನಿಗೆ ಬಸ್ ಅಂದರೆ ಪ್ರಾಣ. ಉಡುಪಿ–ಮಂಗಳೂರು ಸ್ಟಾಪ್‌ಗಳೆಲ್ಲ ಬಾಯಿಪಾಠ. ಅದನ್ನೇ ಹಿಡಿದುಕೊಂಡೆವು. ಮನೆಯಲ್ಲಿ ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಿ, ಉಡುಪಿ, ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್ ಎಂದು ಹೇಳುತ್ತಾ ಬಂದು, ಮಂಗಳೂರು ಅಂದ ಕೂಡಲೇ ಬಿಚ್ಚುವುದು. ಒಂದು ಸಲವೂ ಮಂಗಳೂರು ದಾಟಿಸಲಿಲ್ಲ. ಆ ನಂಬಿಕೆ ಮುರಿದರೆ ಮುಂದೆ ಏನೂ ನಡೆಯುವುದಿಲ್ಲ.

ಡಾಕ್ಟರ್ ಮರಗಟ್ಟಿಸುವ ಕ್ರೀಮ್ ಬರೆದುಕೊಟ್ಟರು. ಲಿಗ್ನೊಕೇನ್, ಪ್ರಿಲೊಕೇನ್ ಎರಡೂ ಇರುವಂಥದ್ದು. ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಸುಮಾರು ಒಂದು ಗಂಟೆ ಬಿಡಬೇಕು. ಮನೆಯಲ್ಲೇ ಹಚ್ಚಿಕೊಂಡು ಹೊರಟೆವು. ಮಗುವಿನ ವಯಸ್ಸು, ತೂಕ ನೋಡಿ ಎಷ್ಟು ಹಚ್ಚಬೇಕೆಂದು ಡಾಕ್ಟರೇ ಹೇಳಬೇಕು. ಸುಮ್ನೆ ಅಂಗಡಿಯಿಂದ ತಂದು ಹಚ್ಚಬೇಡಿ.

ಲ್ಯಾಬ್‌ನವರಿಗೆ ಒಂದು ಚೀಟಿ ಕೊಟ್ಟಿದ್ದೆ. ಜನ ಕಡಿಮೆ ಇರುವ ಹೊತ್ತು ಕೊಡಿ. ಮಲಗಿಸಬೇಡಿ, ನನ್ನ ತೊಡೆಯ ಮೇಲೆ ಕೂರಲಿ. ಒಬ್ಬರೇ ಮಾತಾಡಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಚುಚ್ಚಿ. ಅವನು "ಬೇಡ" ಎಂದು ಕೈ ಎತ್ತಿದರೆ ನಿಲ್ಲಿಸಿ. ಕೊನೆಯದನ್ನು ಓದಿ ಲ್ಯಾಬ್‌ನ ಅಕ್ಕ ಸ್ವಲ್ಪ ಯೋಚಿಸಿದರು. ಆದರೆ ಒಪ್ಪಿದರು. ಅವನು ಒಮ್ಮೆ ಕೈ ಎತ್ತಿದ. ಅವರು ಪಟ್ಟಿ ಬಿಚ್ಚಿ, ನಿಜಕ್ಕೂ ನಿಲ್ಲಿಸಿದರು. ಅವನು ಅವರ ಮುಖ ನೋಡಿ, ತಾನೇ ಕೈ ಚಾಚಿದ. ಮತ್ತೆ ಉಡುಪಿಯಿಂದ ಶುರು ಮಾಡಿದೆವು. ಹೆಜಮಾಡಿಗೆ ಅತ್ತ, ಆದರೆ ಕೈ ಎಳೆದುಕೊಳ್ಳಲಿಲ್ಲ. ಹಳೆಯಂಗಡಿ ಬರುವಷ್ಟರಲ್ಲಿ ಟ್ಯೂಬ್ ತುಂಬಿತ್ತು.

ಇದನ್ನೆಲ್ಲ ಕೇಳುವಾಗ ಸಂಕೋಚ ಬೇಡ. ಇದು ಅವರು ಮಾಡುವ ಉಪಕಾರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರಿ, ಖಾಸಗಿ ಆಸ್ಪತ್ರೆಗಳಲ್ಲಿ ಅಡೆತಡೆ ಇಲ್ಲದ ಪ್ರವೇಶ, ಚಿಕಿತ್ಸೆಯಲ್ಲಿ ಆದ್ಯತೆ ಎಂದು ಅದರ 25ನೇ ಕಲಂ ಹೇಳುತ್ತದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಜೊತೆಗಿದ್ದರೆ ಕೌಂಟರ್‌ನಲ್ಲಿ ವಾದ ಕಡಿಮೆ. ಹಳೆಯ ಆಸ್ಪತ್ರೆಗೂ ಈ ಕಲಂ ಬರೆದು ಪತ್ರ ಕೊಟ್ಟೆ. ಮಕ್ಕಳ ವಾರ್ಡಿನಲ್ಲಿ ಇನ್ನು ತಾಯಿಯನ್ನು ಹೊರಗೆ ನಿಲ್ಲಿಸುವುದಿಲ್ಲ ಎಂದು ಉತ್ತರ ಬಂದಿದೆ. ಆ ಉತ್ತರದ ಪ್ರತಿಯನ್ನು ಮಗನ ಫೈಲಿನಲ್ಲಿ ಹಾಕಿಟ್ಟಿದ್ದೇನೆ. ಮುಂದೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕು. ಅಲ್ಲಿನ ಕುರ್ಚಿಯ ಫೋಟೊ ತೆಗೆಯಲು ಒಪ್ಪಿಗೆ ಸಿಕ್ಕಿದೆ.