ನನ್ನ ಮಗನೂ ಅರ್ಕಾವತ್ತೂ

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಪಹಣಿ ಪ್ರಿಂಟು, ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗು, ಇಷ್ಟೇ ನನ್ನ ಕಸುಬು. ಮಗನಿಗೆ ಆಟಿಸಂ ಇದೆ. ಈಗ ಅವನಿಗೆ ಹದಿನಾಲ್ಕು. ಹೆಸರು ಬೇಡ, ಮನೆಯಲ್ಲಿ ಪುಟ್ಟ ಅಂತೀವಿ. ಅಂಥದ್ದೇ ಮಕ್ಕಳಿರುವ ಮೂರ್ನಾಲ್ಕು ಅಮ್ಮಂದಿರು ಅಂಗಡಿಗೇ ಬಂದು "ನಿಮ್ಮ ಹುಡುಗ ಕಂಪ್ಯೂಟರ್ ಹೇಗೆ ಕಲಿತ ಹೇಳಿ" ಅಂತ ಕೇಳಿದ್ದಾರೆ. ಅರ್ಧ ಹೇಳುವಷ್ಟರಲ್ಲಿ ಯಾರಾದರೂ ಆಧಾರ್ ಜೆರಾಕ್ಸಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಇವತ್ತು ಕೂತು ಬರೆದುಬಿಡುತ್ತಿದ್ದೇನೆ.

ಮೂರೂವರೆ ವರ್ಷವಿದ್ದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು, ಆಟಿಸಂ ಅಂದರು. ಆ ದಿನಗಳ ಗೋಳು ಈಗ ಬೇಡ. ಮಾತು ತುಂಬಾ ಕಡಿಮೆ ಇತ್ತು, ಆದರೆ ಅಕ್ಷರ ಕಂಡರೆ ಬಿಡುತ್ತಿರಲಿಲ್ಲ. ಬಸ್ಸಿನ ಬೋರ್ಡು, ಗೋಡೆ ಮೇಲಿನ ಸಿಮೆಂಟಿನ ಜಾಹೀರಾತು, ಔಷಧಿ ಡಬ್ಬಿ, ಎಲ್ಲವನ್ನೂ ನಾಲ್ಕು ವರ್ಷಕ್ಕೇ ಓದುತ್ತಿದ್ದ, ಆದರೆ "ನೀರು ಬೇಕಾ" ಅಂದರೆ ಉತ್ತರ ಇಲ್ಲ. ಅರ್ಥಕ್ಕಿಂತ ಮುಂಚೆ ಓದು ಬರುವ ಇದಕ್ಕೆ ಹೈಪರ್‌ಲೆಕ್ಸಿಯಾ ಅಂತ ಹೆಸರಿದೆ ಎಂದು ಆಮೇಲೆ ತಿಳಿಯಿತು. ನಮ್ಮ ಅತ್ತೆಯವರು ಮಾತ್ರ ಹೋದ ಜನ್ಮದಲ್ಲಿ ಶಾನುಭೋಗನಾಗಿದ್ದ ಅಂತಲೇ ನಂಬಿದ್ದರು. ಒಂದು ಶಾಲೆಯವರು ಮಧ್ಯಾಹ್ನದ ಮೇಲೆ ನಮ್ಮ ಕೈಲಿ ಆಗಲ್ಲ, ಕರ್ಕೊಂಡು ಹೋಗಿ ಅಂದರು. ಹಾಗಾಗಿ ಊಟ ಆದ ಮೇಲೆ ಅವನು ನನ್ನ ಅಂಗಡಿಯಲ್ಲೇ.

ಅವನಿಗೆ ಒಂಬತ್ತು ವರ್ಷವಿದ್ದಾಗ ಒಬ್ಬ ನಿವೃತ್ತ ಮೇಷ್ಟ್ರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅದರಲ್ಲಿ ಕನ್ನಡ ಟೈಪ್ ಮಾಡುವ ಹಳೆಯ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿದ ಲೇಖನ ಇತ್ತು. ಹೊಸದಾಗಿ ಹಾಕಿಸಿದ್ದ ಕಂಪ್ಯೂಟರಿಗೆ ಆ ಫಾಂಟ್ ಹಾಕಿರಲಿಲ್ಲ, ತೆರೆದರೆ ಬರೀ ಗೀಚು. ಡಿಟಿಪಿಯವರಿಗೆ ಇದು ದಿನದ ಪಾಡು. ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಫಾಂಟ್ ತೆಗೆದರೆ ಕೆಳಗಿನ ಇಂಗ್ಲಿಷ್ ಇಣುಕುತ್ತದೆ. ನಮ್ಮ 'ಕ' ಬದಲು ಒಂದು ಪಿ, ಅದರ ಪಕ್ಕ ನೆತ್ತಿ ಮೇಲೆ ಓರೆ ಗೀಟು ಇಟ್ಟುಕೊಂಡ ಎ ಕಾಣಿಸುತ್ತದೆ. ನಾನು ಫಾಂಟ್ ಹುಡುಕುತ್ತಿದ್ದೆ. ಹಿಂದೆ ನಿಂತಿದ್ದ ಪುಟ್ಟ ಆ ಗೀಚನ್ನೇ ನೋಡಿಕೊಂಡು "ದೊಡ್ಡಗದ್ದವಳ್ಳಿ" ಅಂದ. ಮೇಷ್ಟ್ರು ಬೆಚ್ಚಿಬಿದ್ದರು, ಯಾಕೆಂದರೆ ಲೇಖನ ಇದ್ದದ್ದೇ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದ ಬಗ್ಗೆ. ಅಷ್ಟು ದಿನ ನನ್ನ ಹಿಂದೆ ನಿಂತು ಯಾವ ಗೀಚಿಗೆ ಯಾವ ಅಕ್ಷರ ಅಂತ ಪೂರ್ತಿ ನೋಡಿಟ್ಟುಕೊಂಡಿದ್ದ!

ಆಮೇಲೆ ನಾನು ಮಾಡಿದ ಮೊದಲ ಕೆಲಸ ಶುದ್ಧ ತಪ್ಪು. ಕಂಪ್ಯೂಟರನ್ನು ಆಮಿಷ ಮಾಡಿಕೊಂಡೆ. ಊಟ ಮುಗಿಸಿದರೆ ಕಂಪ್ಯೂಟರ್, ಮಗ್ಗಿ ಬರೆದರೆ ಕಂಪ್ಯೂಟರ್. ಎರಡು ವಾರ ನಡೆಯಿತು, ಮೂರನೇ ವಾರ ಊಟವನ್ನೂ ಬಿಟ್ಟ, ಕಂಪ್ಯೂಟರ್ ಹತ್ತಿರವೂ ಬರಲಿಲ್ಲ. ಇಷ್ಟವಾದದ್ದೂ ಒಂದು ಶಿಕ್ಷೆಯ ಥರ ಆಗಿಬಿಟ್ಟಿತ್ತು ಅಂತ ಕಾಣುತ್ತೆ. ಆಗ ನಮ್ಮನೆಯವರು "ಅವನಿಗೂ ಒಂದು ಡ್ಯೂಟಿ ಟೈಮ್ ಕೊಡೇ, ಸುಮ್ನೆ ಲಂಚ ಕೊಡಬೇಡ" ಅಂದರು. ಅವತ್ತಿನಿಂದ ಮೂರೂವರೆಯಿಂದ ಐದು ಗಂಟೆ ಅವನದು. ಊಟ ಮಾಡಲಿ ಬಿಡಲಿ, ಗಲಾಟೆ ಮಾಡಿರಲಿ, ಆ ಒಂದೂವರೆ ಗಂಟೆಯನ್ನು ನಾನು ಕಿತ್ತುಕೊಂಡಿಲ್ಲ. ಐದಕ್ಕೆ ನಿಲ್ಲಿಸುವುದಕ್ಕೂ ಜಗಳ ಆಗುತ್ತಿತ್ತು. ಅಡುಗೆಮನೆ ಟೈಮರ್ ತಂದು ಎದುರಿಗಿಟ್ಟೆ, ಎಷ್ಟು ನಿಮಿಷ ಉಳಿದಿದೆ ಅಂತ ಕಣ್ಣಿಗೆ ಕಂಡ ಮೇಲೆ ಜಗಳ ಕಡಿಮೆ ಆಯಿತು.

ಅವನಿಗೆ ಅಂತ ಹಳೆಯ ಕಂಪ್ಯೂಟರೊಂದನ್ನು ಬೇರೆ ಮಾಡಿದೆ, ನೆಟ್ ಇಲ್ಲದ್ದು. ಕೆಡಿಸಿದರೂ ಪರವಾಗಿಲ್ಲ ಅನ್ನುವಂಥ ಕಂಪ್ಯೂಟರ್ ಇದ್ದರೆ ತಾಯಿಗೆ ಬೈಯುವ ಚಟ ತಾನಾಗಿ ಬಿಡುತ್ತದೆ. ನಾಲ್ಕು ಸಲ ಪೂರ್ತಿ ಕೆಡಿಸಿದ, ನಾಲ್ಕು ಸಲ ಫಾರ್ಮ್ಯಾಟ್ ಮಾಡಿಕೊಟ್ಟೆ. ಐದನೇ ಸಲ ಅವನೇ ಮಾಡಿಕೊಂಡ. ಕರೆಂಟ್ ಹೋದರೆ ಅವನು ಕಿರುಚುತ್ತಾನೆ ಅಂತ ಯುಪಿಎಸ್ ಹಾಕಿಸಿದೆ, ನೋಡಿದರೆ ಕರೆಂಟ್ ಹೋದಾಗ ಯುಪಿಎಸ್ ಮಾಡುವ ಬೀಪ್ ಬೀಪ್ ಅವನಿಗೆ ಇನ್ನೂ ಹಿಂಸೆ. ರಿಪೇರಿಯವನನ್ನು ಕರೆದು ಆ ಬೀಪರನ್ನೇ ಕೀಳಿಸಿದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಇನ್ನೊಂದು, ಎದುರಿಗೆ ಕೂತು ಪ್ರಶ್ನೆ ಕೇಳುವುದನ್ನು ಬಿಟ್ಟೆ. "ಇದೇನು ಪುಟ್ಟ, ಅದೇನು ಪುಟ್ಟ" ಅಂದರೆ ಅವನು ಮುಖ ತಿರುಗಿಸುತ್ತಿದ್ದ. ಪಕ್ಕದಲ್ಲಿ ಕೂತು, ನೋಟ್‌ಪ್ಯಾಡ್ ತೆರೆದು, ನಾನೊಂದು ಸಾಲು ಟೈಪ್ ಮಾಡಿ ಸುಮ್ಮನಾಗುತ್ತಿದ್ದೆ. ನುಡಿ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು, ಅದು ಅವನಿಗೆ ಆಟ. ಒಂದು ತಿಂಗಳು ಏನೂ ಬರಲಿಲ್ಲ. ಒಂದು ದಿನ ನನ್ನ ಸಾಲಿನ ಕೆಳಗೆ ಅವನ ಸಾಲು ಬಂತು: "ಟ್ಯೂಬ್‌ಲೈಟ್ ಕೂಗುತ್ತಿದೆ". ಕಿವಿಗೊಟ್ಟು ಕೇಳಿದೆ. ಹೌದು, ಚೋಕ್ ಗುಯ್ ಅನ್ನುತ್ತಿತ್ತು. ವರ್ಷಗಟ್ಟಲೆ ಆ ಸದ್ದಿನ ಕೆಳಗೆ ಕೂತು ಅವನು ಕಿವಿ ಮುಚ್ಚಿಕೊಂಡರೆ ನಾವು ಹಟ ಅಂದುಕೊಂಡಿದ್ದೆವು. ಅವತ್ತೇ ಎಲ್‌ಇಡಿ ಹಾಕಿಸಿದೆ.

ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟಿರುವ ಯೂನಿಕೋಡಿಗೆ ಅವನನ್ನು ಕರೆತಂದದ್ದು ಪ್ರಿಂಟಿಗೆ ಬರುತ್ತಿದ್ದ ಒಬ್ಬ ಎಂಜಿನಿಯರಿಂಗ್ ಹುಡುಗ. ಪುಟ್ಟನಿಗೆ ಆಗ ಹನ್ನೊಂದು. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಹಾಕಿಕೊಟ್ಟು, 'ಕ' ಕೊಟ್ಟರೆ 3221 ಅಂತ ಅದು ಹೇಳುವುದನ್ನು ತೋರಿಸಿದ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಇದೆ. ಅದರ ಪಟ್ಟಿಯನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಲ್ಯಾಮಿನೇಷನ್ ಮಾಡಿಕೊಟ್ಟೆ, ಒಂದು ವಾರ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ಆಮೇಲೆ ಗೀಚನ್ನು ಕನ್ನಡ ಮಾಡುವ ಪ್ರೋಗ್ರಾಂ ಬರೆಯಬೇಕು ಅಂತ ಹಿಡಿದ. ಆ ಹುಡುಗ ನನ್ನ ಕಿವಿಯಲ್ಲಿ "ಆಂಟಿ, ಇದಕ್ಕೆ ಕನ್ವರ್ಟರ್ ಆಗಲೇ ಇದೆಯಲ್ವಾ" ಅಂದ. ನಾನು ದಿನಾ ಬಳಸುವವಳು, ನನಗೆ ಗೊತ್ತಿಲ್ವಾ? "ಗೊತ್ತು ಕಣಪ್ಪಾ, ಬಾಯಿ ಮುಚ್ಚಿಕೊಂಡು ಹೇಳಿಕೊಡು" ಅಂದೆ.

ಅರ್ಕಾವತ್ತು ಅಡ್ಡ ಬಂದದ್ದು ಇಲ್ಲೇ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುಗಳು ಸಾಲಾಗಿ ಇರುತ್ತವೆ, ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ರಕಾರ ಮೊದಲು. ಸುಮ್ನೆ ತುಂಡಿಗೆ ತುಂಡು ಬದಲಾಯಿಸಿದರೆ ಸೂರ್ಯ ಹೋಗಿ 'ಸೂಯರ್' ಆಗುತ್ತಾನೆ, ಧರ್ಮ ಹೋಗಿ 'ಧಮರ್' ಆಗುತ್ತದೆ. ಪರದೆ ತುಂಬಾ ಸೂಯರ್, ಧಮರ್ ಕಂಡು ಪುಟ್ಟ ಕೈ ಕಚ್ಚಿಕೊಂಡ, ಮೌಸ್ ಎಸೆದ, ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದ. ನಿಲ್ಲಿಸಿಬಿಡೋಣ ಅಂತ ನನಗೆ ಅನ್ನಿಸಿದ್ದು ನಿಜ. ಪರದೆ ಆರಿಸಿ, ದಿಂಬು ಒತ್ತಿ ಹಿಡಿದು, ಮಾತಾಡದೆ ಕೂತೆ. ಸಮಾಧಾನ ಆಗಲು ಮುಕ್ಕಾಲು ಗಂಟೆ ಬೇಕಾಯಿತು. ಮಾರನೇ ದಿನ ಮೂರು ಚೀಟಿಯಲ್ಲಿ ಸೂ, ಯ, ರ್ ಅಂತ ಬರೆದು ಮೇಜಿನ ಮೇಲೆ ಇಟ್ಟು ನನ್ನ ಪಾಡಿಗೆ ಬೈಂಡಿಂಗ್ ಮಾಡುತ್ತಿದ್ದೆ. ಬಂದು ನೋಡಿದ, ಕೊನೆಯ ಚೀಟಿಯನ್ನು ಮಧ್ಯಕ್ಕೆ ತಳ್ಳಿದ. "3248, 3277, 3247" ಅಂದ. ರ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಯ. ಅದನ್ನು ಎಲ್ಲ ಪದಕ್ಕೂ ಹೊಂದುವ ನಿಯಮ ಮಾಡಲು ಮೂರು ತಿಂಗಳಾಯಿತು, ಯಾಕೆಂದರೆ ಗುಣಿತ ಇದ್ದರೆ, ಒತ್ತಕ್ಷರ ಇದ್ದರೆ, ರಕಾರ ಅಷ್ಟನ್ನೂ ದಾಟಿ ಹಿಂದೆ ಹೋಗಬೇಕು.

ಅದರ ಬೆನ್ನಿಗೇ 'ರ‍್ಯಾಂಕ್' ಬಂತು. ಅಲ್ಲಿ ರಕಾರ ಅರ್ಕಾವತ್ತು ಆಗಬಾರದು, ಪೂರ್ತಿ ನಿಲ್ಲಬೇಕು. ಅದಕ್ಕೆ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಅದರ ನಂಬರ್ 8205. ಇದು ಅವನಿಗೆ ಎಷ್ಟು ಇಷ್ಟವಾಯಿತು ಅಂದರೆ, ಅಂಗಡಿಯಲ್ಲಿ ಜನ ಜಾಸ್ತಿಯಾಗಿ ತಡೆಯಲು ಆಗದಿದ್ದಾಗ "8205" ಅಂತ ಹೇಳಿ ಹಿಂದಿನ ಕೋಣೆಗೆ ಹೋಗುತ್ತಾನೆ. ನನಗೀಗ ಕಾಣಿಸಬೇಡ ಅಂತ ಅರ್ಥ. ಹಾಸನಾಂಬ ಬಾಗಿಲು ತೆಗೆದ ದಿನಗಳಲ್ಲಿ ಊರೆಲ್ಲ ಮೈಕು, ಕ್ಯೂ, ಬಸ್ಸುಗಳ ಹಾರನ್ನು, ಆಗ ದಿನಪೂರ್ತಿ 8205. ಮನೆಯವರೆಲ್ಲ ಆ ನಂಬರನ್ನು ಗೌರವಿಸುತ್ತೇವೆ, ನಮ್ಮ ಅತ್ತೆಯವರೂ.

ನೆಂಟರಿಗೆ ಇದೆಲ್ಲ ಕೇಳಿ ಪುಟ್ಟ ದೊಡ್ಡ ವಿಜ್ಞಾನಿ ಆಗಿಬಿಟ್ಟ. ಒಬ್ಬರಂತೂ ಸ್ಯಾಪ್ ಅನ್ನುವ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಾರ್ಯಕ್ರಮ ಶುರುಮಾಡಿದೆ, ಇವನನ್ನು ಅಲ್ಲಿಗೇ ಸೇರಿಸಿ ಅಂದರು. ವಿಷಯ ನಿಜ, ಸಂತೋಷ. ಆದರೆ ಪುಟ್ಟನಿಗೆ ಇನ್ನೂ ಶರಟಿನ ಗುಂಡಿ ಹಾಕಲು ಹತ್ತು ನಿಮಿಷ ಬೇಕು, ಸಾಲಗಾಮೆ ರಸ್ತೆ ಒಬ್ಬನೇ ದಾಟಲು ಬಿಡುವ ಧೈರ್ಯ ನನಗಿಲ್ಲ. ಆಟಿಸಂ ಇದ್ದರೆ ಕಂಪ್ಯೂಟರ್ ಬಂದೇ ಬರುತ್ತೆ ಅನ್ನುವುದೂ ಸುಳ್ಳು. ನಮ್ಮ ಜೊತೆ ಥೆರಪಿಗೆ ಬರುತ್ತಿದ್ದ ಒಂದು ಹುಡುಗಿಗೆ ಪರದೆ ಕಂಡರೇ ಆಗುವುದಿಲ್ಲ, ಬೀಟ್ರೂಟು ಕ್ಯಾರೆಟ್ಟು ಎಷ್ಟು ಸಣ್ಣಗೆ ಒಂದೇ ಸಮ ಹೆಚ್ಚುತ್ತಾಳೆ ಅಂದರೆ ಮದುವೆ ಅಡುಗೆಯವರೂ ನಾಚಬೇಕು. ಮೊಬೈಲಿನಲ್ಲಿ ಆರು ಗಂಟೆ ವಿಡಿಯೋ ನೋಡುವುದನ್ನು ಪ್ರತಿಭೆ ಅಂತ ತೋರಿಸಲು ಬರುವವರೂ ಇದ್ದಾರೆ. ನನ್ನ ಲೆಕ್ಕ ಇಷ್ಟೇ: ಮಗು ಅದರಲ್ಲಿ ಏನಾದರೂ ಬದಲಾಯಿಸಲು, ಕಟ್ಟಲು, ಕೆಡಿಸಲು ನೋಡುತ್ತಿದೆಯಾ? ಹಾಗಿದ್ದರೆ ಪಕ್ಕದಲ್ಲಿ ಕೂರಬಹುದು.

ದಾಖಲೆ ವಿಷಯಕ್ಕೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿಟ್ಟುಕೊಳ್ಳಿ, ನಾಳೆ ಮಾಡಿಸೋಣ ಅಂತ ನಾನು ಎರಡು ವರ್ಷ ಹಾಳು ಮಾಡಿದೆ.

ಹೋದ ವರ್ಷ ಅಂಗಡಿಯಲ್ಲಿ ಅವನದೇ ಒಂದು ಬೋರ್ಡು ಬಿತ್ತು. 'ಹಳೆಯ ನುಡಿ ಫೈಲನ್ನು ಯೂನಿಕೋಡ್ ಮಾಡಿಕೊಡಲಾಗುವುದು, ಪುಟಕ್ಕೆ 2 ರೂಪಾಯಿ.' ದರ ನಿರ್ಧರಿಸಿದ್ದು ಅವನೇ. ಮೊದಲು ಬಂದದ್ದು ಅದೇ ಮೇಷ್ಟ್ರು, ದೊಡ್ಡಗದ್ದವಳ್ಳಿ ಲೇಖನವನ್ನೇ ತಂದಿದ್ದರು, 23 ಪುಟ. ಅವನ ಪ್ರೋಗ್ರಾಂ ಓಡಿಸಿ, ಪ್ರತಿ ಅರ್ಕಾವತ್ತನ್ನೂ ಬೆರಳಿಟ್ಟು ನೋಡಿ, ಪೆನ್‌ಡ್ರೈವ್ ವಾಪಸ್ ಕೊಟ್ಟ. ಮೇಷ್ಟ್ರು ಐವತ್ತರ ನೋಟು ಕೊಟ್ಟು "ಚಿಲ್ಲರೆ ಇಟ್ಕೋಪ್ಪಾ" ಅಂತ ಹೊರಟರು. ಪುಟ್ಟ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ. "46" ಅಂದ. ಗಲ್ಲಾದಲ್ಲಿ ಒಂದು ರೂಪಾಯಿ ನಾಣ್ಯ ಮೂರೇ ಇದ್ದವು, ಪಕ್ಕದ ಬೇಕರಿಗೆ ಹೋಗಿ ಇನ್ನೊಂದು ತರುವವರೆಗೂ ಮೇಷ್ಟ್ರನ್ನು ಹೊರಗೆ ಬಿಡಲಿಲ್ಲ.