ವಿಲೀನತೆಯ ಸಮತೋಲನವನ್ನು ಚಿತ್ರ ಬರೆದು ಕಲಿಸುವ ಬಗೆ

ಘನವು ಕರಗುವ ವೇಗವೂ ಕರಗಿದ್ದು ಮತ್ತೆ ಘನವಾಗುವ ವೇಗವೂ ಸಮವಾಗಿರುವ ಸ್ಥಿತಿಯೇ ವಿಲೀನತೆಯ ಸಮತೋಲನ. ಇದನ್ನು ಕಲಿಸಲು, ನೀರಿನಲ್ಲಿ ಅತ್ಯಲ್ಪವಾಗಿ ಕರಗುವ ಸಿಲ್ವರ್ ಕ್ಲೋರೈಡಿನ ಉದಾಹರಣೆಯಿಂದ ಆರಂಭಿಸುವುದು ಒಳ್ಳೆಯದು. ಕಪ್ಪುಹಲಗೆಯ ಮೇಲೆ ಒಂದು ಬೀಕರ್ ಬರೆದು, ತಳದಲ್ಲಿ ಬಿಳಿಯ ಘನವಸ್ತುವನ್ನೂ ಮೇಲಿನ ನೀರಿನಲ್ಲಿ ಬಿಡಿಬಿಡಿಯಾಗಿ ಎರಡು ಬಣ್ಣದ ಅಯಾನುಗಳನ್ನೂ (ವಿದ್ಯುದಾವೇಶವಿರುವ ಬೆಳ್ಳಿ ಮತ್ತು ಕ್ಲೋರೈಡ್ ಕಣಗಳನ್ನು) ತೋರಿಸಿ, ಘನದಿಂದ ದ್ರಾವಣಕ್ಕೆ ಹಾಗೂ ದ್ರಾವಣದಿಂದ ಘನಕ್ಕೆ ಸಮಾನ ಉದ್ದದ ಬಾಣಗಳನ್ನು ಎಳೆಯಿರಿ. ಅಯಾನುಗಳನ್ನು ಜೋಡಿಯಾಗಿ ಅಂಟಿಸಿ ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಅದನ್ನು ಅಲ್ಲಿಯೇ ತಿದ್ದಬೇಕು. ಚಿತ್ರವು ಅಳತೆಗೆ ಸರಿಯಾಗಿಲ್ಲವೆಂಬುದನ್ನೂ ಹೇಳಬೇಕು, ಏಕೆಂದರೆ ನಿಜವಾದ ಪರ್ಯಾಪ್ತ (ಇನ್ನಷ್ಟು ಕರಗಿಸಿಕೊಳ್ಳಲಾಗದ) ದ್ರಾವಣದಲ್ಲಿ ಒಂದು ಬೆಳ್ಳಿ ಅಯಾನಿಗೆ ನೀರಿನ 40 ಲಕ್ಷಕ್ಕೂ ಹೆಚ್ಚು ಅಣುಗಳಿರುತ್ತವೆ.

ತಳದ ಘನವನ್ನು ದುಪ್ಪಟ್ಟಾಗಿಸಿದ ಇನ್ನೊಂದು ಬೀಕರನ್ನು ಪಕ್ಕದಲ್ಲಿ ಬರೆದು, ಮೇಲಿನ ಅಯಾನುಗಳ ಸಂಖ್ಯೆಯನ್ನು ಮಾತ್ರ ಬದಲಿಸದೆ ಬಿಡಿ. ತಳದ ಘನ ಹೆಚ್ಚಿದರೂ ಕರಗಿರುವ ಪ್ರಮಾಣ ಹೆಚ್ಚದೆಂಬುದನ್ನು ಇದು ತೋರಿಸುತ್ತದೆ.

ದ್ರಾವಣದಲ್ಲಿರುವ ಅಯಾನನ್ನೇ ಇನ್ನಷ್ಟು ಸೇರಿಸಿದಾಗ ವಿಲೀನತೆ ಕುಗ್ಗುವ ಸಮಾನ ಅಯಾನು ಪರಿಣಾಮವನ್ನು ತೋರಿಸಲು ಬೀಕರಿಗಿಂತ ನಕ್ಷೆಯೇ ಸ್ಪಷ್ಟ. ಅಡ್ಡ ಅಕ್ಷದಲ್ಲಿ ಕ್ಲೋರೈಡಿನ ಸಾರತೆಯನ್ನೂ (ಲೀಟರಿಗೆ ಎಷ್ಟು ಮೋಲ್ ಎಂಬುದನ್ನು) ಲಂಬ ಅಕ್ಷದಲ್ಲಿ ಬೆಳ್ಳಿಯ ಸಾರತೆಯನ್ನೂ ಇಟ್ಟರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವೆರಡರ ಗುಣಲಬ್ಧ 1.8 × 10⁻¹⁰ ಆಗುವ ಬಿಂದುಗಳೆಲ್ಲ ಒಂದು ಬಾಗಿದ ರೇಖೆಯಾಗುತ್ತವೆ. ರೇಖೆಯ ಕೆಳಗೆ ದ್ರಾವಣ ಅಪರ್ಯಾಪ್ತ, ಮೇಲೆ ಪ್ರಕ್ಷೇಪ (ತಳಕ್ಕಿಳಿಯುವ ಘನ) ಉಂಟಾಗುತ್ತದೆ. ಕ್ಲೋರೈಡ್ ಇರುವ ಅಡುಗೆ ಉಪ್ಪನ್ನು ಸೇರಿಸಿದಾಗ ಬಿಂದು ಬಲಕ್ಕೆ ಜಿಗಿದು, ಎರಡೂ ಅಯಾನುಗಳು ಸಮಪ್ರಮಾಣದಲ್ಲಿ ಘನವಾಗುವುದರಿಂದ ಎಡಕ್ಕೂ ಕೆಳಕ್ಕೂ ಓರೆಯಾಗಿ ಸರಿದು ಮತ್ತೆ ರೇಖೆಯನ್ನು ಸೇರುತ್ತದೆ. ಕ್ಲೋರೈಡಿನ ಸಾರತೆ ಲೀಟರಿಗೆ 0.1 ಮೋಲ್ ಆದಾಗ, ಲೀಟರಿಗೆ ಸುಮಾರು 1.3 × 10⁻⁵ ಮೋಲ್ ಇದ್ದ ಬೆಳ್ಳಿ ಅಯಾನು 1.8 × 10⁻⁹ಕ್ಕೆ ಇಳಿಯುವುದನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ, ಆ ಬಿಂದುವನ್ನು ಅವರಿಂದಲೇ ಗುರುತು ಮಾಡಿಸಿರಿ.